ಅನುಮತಿ ಇಲ್ಲದೆ ಪುಸ್ತಕದ ಪ್ರತಿ ಮಾಡಿ ಹಂಚಿದರೆ ಯಾರಿಗೆ ನಷ್ಟ?

ಪ್ರತಿ ಮಾಡಿದರೂ ಮೂಲ ಪುಸ್ತಕ ಇದ್ದಲ್ಲೇ ಇರುತ್ತದೆ, ಹಾಗಾದರೆ ಬರೆದವರಿಗೆ ಏನು ನಷ್ಟ ಎಂದು ಕೇಳಿದ್ದೀರಿ. ಇದೇ ಮಾತನ್ನು 2008ರಲ್ಲಿ ನಾನೂ ಹೇಳುತ್ತಿದ್ದೆ. ಆಗ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕಡೆ ತಾಳಮದ್ದಳೆ ಜಾಸ್ತಿ. ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಹವ್ಯಾಸಿಗಳು ಪ್ರಸಂಗ ಪುಸ್ತಕ, ಅಂದರೆ ಹಾಡುವ ಕಥೆಯ ಪದ್ಯಗಳ ಪುಸ್ತಕ, ಹುಡುಕಿಕೊಂಡು ಬರುತ್ತಿದ್ದರು. ಒಳ್ಳೆಯ ಕನ್ನಡ ಪುಸ್ತಕದ ಅಂಗಡಿ ಬೇಕೆಂದರೆ ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಹಾಗಾಗಿ ಒಬ್ಬರ ಹತ್ತಿರ ಪುಸ್ತಕ ಇದ್ದರೆ ಉಳಿದವರಿಗೆಲ್ಲ ಜೆರಾಕ್ಸ್. ಹಳೆಯ ಪ್ರಸಂಗಗಳ ವಿಷಯದಲ್ಲಿ ನನಗೆ ಈಗಲೂ ಅದು ತಪ್ಪು ಅನಿಸುವುದಿಲ್ಲ. ಓಲೆಗರಿಯಿಂದ ಓಲೆಗರಿಗೆ ಪ್ರತಿ ಮಾಡಿದ್ದರಿಂದಲೇ ಅವು ಉಳಿದದ್ದು, ಅಲ್ವಾ?

ಆ ವರ್ಷ ಬಂದದ್ದು ಬೇರೆ ತರದ ಪುಸ್ತಕ. ನನಗೆ ನಾಲ್ಕನೇ ಕ್ಲಾಸಿನಲ್ಲಿ ಪಾಠ ಮಾಡಿದ ಮಾಷ್ಟ್ರು ನಿವೃತ್ತರಾದ ಮೇಲೆ ಬರೆದ ಪ್ರಸಂಗ. ಸ್ವಂತ ದುಡ್ಡಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದ್ದರು. ಒಂದು ಸಂಘದವರು ಅದನ್ನು ತಂದು, 30 ಪ್ರತಿ ಮಾಡಿಕೊಡಿ ಎಂದರು.

ನನ್ನ ತಪ್ಪು ಏನೆಂದು ಸರಿಯಾಗಿ ಹೇಳುತ್ತೇನೆ. ಪುಸ್ತಕ ಬಿಡಿಸಿ ಮೆಷಿನಿನ ಗಾಜಿನ ಮೇಲೆ ಕವುಚಿದರೆ ಎರಡು ಪುಟ ಒಂದೇ ಬದಿಗೆ ಬರುತ್ತದೆ. ಪದ್ಯಗಳಷ್ಟೇ ಆದರೆ ಸರಿಯಾಗಿ 15 ಹಾಳೆ. ಹೆಸರಿನ ಪುಟ, ಮುನ್ನುಡಿ ಸೇರಿದರೆ 16. ನಾನು ಆ ಒಂದು ಹಾಳೆ ಬಿಟ್ಟೆ. ಸಂಘದವರು ಬಿಡಲು ಹೇಳಿರಲಿಲ್ಲ, ನಾನೇ ಬಿಟ್ಟದ್ದು. ಪ್ರತಿಗೆ ಒಂದು ರೂಪಾಯಿಯಂತೆ ಒಟ್ಟು 30 ರೂಪಾಯಿ ಉಳಿಯಿತು. ಆ ಹಾಳೆಯಲ್ಲಿ ಅವರ ಹೆಸರು, ಮನೆ ವಿಳಾಸ, ಪುಸ್ತಕ ಎಲ್ಲಿ ಸಿಗುತ್ತದೆ ಎಂಬ ಸಾಲು ಇತ್ತು. ಪದ್ಯಗಳ ಒಳಗೆ ಎಲ್ಲೂ ಅವರು ತಮ್ಮ ಹೆಸರು ಸೇರಿಸಿರಲಿಲ್ಲ. ಆ ಹಾಳೆ ಇಲ್ಲದಿದ್ದರೆ ಬರೆದವರು ಯಾರೆಂದು ತಿಳಿಯಲು ಬೇರೆ ದಾರಿಯೇ ಇಲ್ಲ. ನಮ್ಮ ಕುಂಬಳೆಯ ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳನ್ನು ಬರೆದದ್ದು ಅವನೇ ಹೌದೇ ಎಂದು ದೊಡ್ಡ ದೊಡ್ಡ ವಿದ್ವಾಂಸರು ವಾದ ಮಾಡಿದ್ದಾರೆ. ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ, ಹೆಸರು ಅಳಿದರೆ ಏನಾಗುತ್ತದೆ ಎಂದು ಗೊತ್ತಿರಬೇಕಿತ್ತು.

ಮಾಷ್ಟ್ರ ಮನೆ ಅಂಗಡಿಯಿಂದ ಸೈಕಲ್ಲಿನಲ್ಲಿ ಕಾಲು ಗಂಟೆ. ಮಾರಾಟವಾಗದ ಪುಸ್ತಕದ ಕಟ್ಟುಗಳು ಅಟ್ಟದಲ್ಲಿವೆ ಎಂದೂ ಗೊತ್ತಿತ್ತು. "ಅವರ ಮನೆಗೇ ಹೋಗಿ, ಸಿಗುತ್ತದೆ" ಎಂದು ಒಂದು ಮಾತು ನಾನು ಹೇಳಲಿಲ್ಲ.

ಮಳೆಗಾಲದ ಆಟಿ ತಿಂಗಳಲ್ಲಿ ಒಂದು ದೇವಸ್ಥಾನದಲ್ಲಿ ತಾಳಮದ್ದಳೆ ಕೂಟ. ಶುರುವಾಗುವ ಮೊದಲು ಮೈಕಿನಲ್ಲಿ ಹೇಳಿದರು, "ಪ್ರಸಂಗ ಬಹಳ ಹಳೆಯದು, ಕವಿ ಯಾರೆಂದು ತಿಳಿದಿಲ್ಲ." ಮಾಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಂಗಳ ಹಾಡುವ ತನಕ ಏಳಲಿಲ್ಲ.

ಮರುದಿನ ಅಂಗಡಿಗೆ ಬಂದರು. ಒಂದು ಪ್ರತಿ ಕೇಳಿ ತೆಗೆದುಕೊಂಡು ತಿರುವಿ ನೋಡಿದರು. "ದುಡ್ಡು ಹೋಗಲಿ ಮಾರಾಯ, ಹೆಸರಿನ ಹಾಳೆ ಯಾಕೆ ತೆಗೆದೆ?" ಎಂದರು. ನನಗೆ ಮಾತು ಹೊರಡಲಿಲ್ಲ. ಎರಡನೇ ಪ್ರಸಂಗ ಅರ್ಧ ಆಗಿದೆ, ಡಿಟಿಪಿ ನೀನೇ ಮಾಡಬೇಕು ಎಂದು ಹೇಳುತ್ತಿದ್ದವರು ಅವರು. ಅದು ಬರಲೇ ಇಲ್ಲ. ಮಾಷ್ಟ್ರು ಈಗ ಇಲ್ಲ.

ಮೂಲ ಪುಸ್ತಕ ಇದ್ದಲ್ಲೇ ಇರುತ್ತದೆ, ಹಾಗಾಗಿ ನಷ್ಟ ಇಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಮಾಷ್ಟ್ರ ಪುಸ್ತಕಗಳೂ ಇದ್ದಲ್ಲೇ ಇದ್ದವು, ಅಟ್ಟದಲ್ಲಿ. ಬರೆಯುವ ಆಸೆ ಹೋಯಿತು.

ಎಲ್ಲ ಪ್ರತಿಯೂ ಕಳ್ಳತನ ಎನ್ನುವವರ ಜೊತೆಗೂ ನಾನಿಲ್ಲ. ಕಾಲೇಜು ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿದ ಅಂಗಡಿಯ ಪರವಾಗಿ ದೆಹಲಿ ಹೈಕೋರ್ಟ್ 2016ರಲ್ಲಿ ತೀರ್ಪು ಕೊಟ್ಟಿತು. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಅನುಮತಿ ಬೇಡ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಇರುವಾಗ ಅಚ್ಚಾದ ಪುಸ್ತಕಗಳು 2024ರಿಂದ ಎಲ್ಲರವು. ಆದರೆ 1957ರ ಕಾಪಿರೈಟ್ ಕಾಯ್ದೆಯಲ್ಲಿ 57ನೇ ಸೆಕ್ಷನ್ ಓದಿ. ಹಕ್ಕು ಮಾರಿಬಿಟ್ಟ ಮೇಲೂ "ಇದು ನಾನು ಬರೆದದ್ದು" ಎನ್ನುವ ಹಕ್ಕು ಬರೆದವರ ಹತ್ತಿರವೇ ಇರುತ್ತದೆ.

ಕವಿ ಬದುಕಿದ್ದರೆ ಫೋನ್ ಮಾಡಿ. ಪುಸ್ತಕ ಸಿಗುವುದಾದರೆ ಕೊಂಡುಕೊಳ್ಳಿ, ಇದರಲ್ಲಿ ಎರಡು ಮಾತಿಲ್ಲ. ಎಲ್ಲೂ ಸಿಗದಿದ್ದರೆ, ಮನೆಯವರ ಪತ್ತೆಯೂ ಆಗದಿದ್ದರೆ, ರಟ್ಟಿನಿಂದ ರಟ್ಟಿನ ತನಕ ಪ್ರತಿ ಮಾಡಿ, ದುಡ್ಡು ತೆಗೆದುಕೊಳ್ಳಬೇಡಿ. ಈ ಕೊನೆಯದು ಕಾನೂನಿನ ಮಾತಲ್ಲ, ನನ್ನ ಮಾತು.

ಆಮೇಲೆ ನಾನು ಹೆಸರಿನ ಹಾಳೆ ಮಾಡಿ, ಅಂಟಿಸಿಕೊಳ್ಳಿ ಎಂದು ಸಂಘದವರಿಗೆ ಕೊಟ್ಟೆ. ಅಷ್ಟರಲ್ಲಿ ಪ್ರತಿಗಳು ಊರೂರು ದಾಟಿದ್ದವು. ಕಳೆದ ತಿಂಗಳು ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ರಸಂಗದ ಪಿಡಿಎಫ್ ಬಂತು, 'ಅಜ್ಞಾತ ಕವಿ' ಎಂದು. ಪ್ರತಿ ಪುಟದ ಬಲಗಡೆ ಒಂದು ಸಪೂರ ಕಪ್ಪು ಗೆರೆ. ನನ್ನ ಮೆಷಿನಿನ ಗಾಜಿನಲ್ಲಿದ್ದ ಗೀರು ಅದು. ಗುಂಪಿನಲ್ಲಿ ಆ ಪಿಡಿಎಫ್ ಕೆಳಗೆ ನಾನು ಮಾಷ್ಟ್ರ ಹೆಸರು, ಊರು ಬರೆದು ಹಾಕಿದೆ.