ಪ್ರಾಗ್‌ನಲ್ಲಿ ಎರಡೇ ದಿನ: ನಡೆದು ನೋಡಬಹುದಾ? ಫೋನ್ ಕ್ಯಾಮೆರಾ ಸಾಕಾ?

ಎರಡು ದಿನದಲ್ಲಿ ಪ್ರಾಗ್ ನಗರವನ್ನು ನಡೆದೇ ನೋಡಿ ಮುಗಿಸಬಹುದಾ, ಫೋಟೋಗೆ ಫೋನ್ ಸಾಕಾ ಅಥವಾ ಗೆಳೆಯನ ದೊಡ್ಡ ಕ್ಯಾಮೆರಾ ಇಸಕೊಂಡು ಹೋಗಬೇಕಾ ಅಂತ ಕೇಳಿದ್ದೀರಿ. ನಡೆದು ನೋಡಬಹುದು, ಮುಗಿಸೋಕೆ ಆಗಲ್ಲ. ಫೋನ್ ಸಾಕು. ಆದರೆ ಬೆಳಿಗ್ಗೆ ನಾಲ್ಕಕ್ಕೆ ಅಲಾರಂ ಇಡಬೇಕು.

ನಾನು ಇರುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಅಲ್ಲಿಂದ ಪ್ರಾಗ್‌ಗೆ ರೈಲಿನಲ್ಲಿ ಹೆಚ್ಚುಕಮ್ಮಿ ಎರಡೂವರೆ ಗಂಟೆ. ಬಹಳ ದೂರ ನದಿಯ ಪಕ್ಕದಲ್ಲೇ ಹೋಗುತ್ತದೆ, ಎಡಗಡೆ ಕಿಟಕಿ ಸಿಕ್ಕರೆ ಬಿಡಬೇಡಿ. ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಉದ್ದನೆಯ ಪಟ್ಟಿ ಹಿಡಿದುಕೊಂಡು ಹೋಗಿದ್ದೆ. ಎರಡು ದಿನ ಓಡಿದ್ದೇ ಓಡಿದ್ದು. ಮನೆಗೆ ಬಂದು ಫೋಟೋ ತೆಗೆದು ನೋಡಿದರೆ ಎಲ್ಲದರಲ್ಲೂ ಮಧ್ಯಾಹ್ನದ ಅದೇ ಬೆಳ್ಳನೆ ಆಕಾಶ, ಕೆಳಗೆ ಜನರ ತಲೆ. ಎರಡನೇ ಸಲ ಪಟ್ಟಿ ಬಿಟ್ಟು ಐದೇ ಜಾಗ ಆರಿಸಿಕೊಂಡೆ. ಒಂದೊಂದಕ್ಕೂ ಎರಡೆರಡು ಸಲ ಹೋದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಗೋಡೆಗೆ ಹಾಕುವಂಥ ಫೋಟೋ ಸಿಕ್ಕಿದ್ದು ಆಗಲೇ.

ಚಾರ್ಲ್ಸ್ ಸೇತುವೆಯಿಂದ ಶುರು ಮಾಡಿ. ಊರಿನ ಹಳೇ ಪೇಟೆ ನದಿಯ ಪೂರ್ವಕ್ಕೆ, ಕೋಟೆ ಪಶ್ಚಿಮಕ್ಕೆ ಗುಡ್ಡದ ಮೇಲೆ, ನಡುವೆ ವಲ್ಟಾವಾ ನದಿ. ಇಷ್ಟು ತಲೆಯಲ್ಲಿದ್ದರೆ ಬೆಳಕಿನ ಲೆಕ್ಕ ಸುಲಭ. ಬೆಳಿಗ್ಗೆ ಹಳೇ ಪೇಟೆ ಕಡೆ ನಿಂತು ಕೋಟೆ ನೋಡಿದರೆ ಸೂರ್ಯ ನಿಮ್ಮ ಬೆನ್ನಿಗೆ ಇರುತ್ತಾನೆ, ಕೋಟೆಯ ಮುಖಕ್ಕೆ ಪೂರ್ತಿ ಬೆಳಕು. ಅದೇ ಜಾಗದಲ್ಲಿ ಸಂಜೆ ನಿಂತರೆ ಸೂರ್ಯ ಕೋಟೆಯ ಹಿಂದೆ ಇಳಿಯುತ್ತಾನೆ, ಗೋಪುರಗಳು ಬರೀ ಕಪ್ಪು ನೆರಳು. ಎರಡೂ ಚೆನ್ನಾಗಿರುತ್ತವೆ. ಹಾಳಾಗೋದು ಹನ್ನೊಂದರಿಂದ ನಾಲ್ಕರ ನಡುವೆ ತೆಗೆದವು.

ಈ ಸೇತುವೆಗೆ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಅಡಿಗಲ್ಲು ಹಾಕಿದ್ದು 1357ರ 9ನೇ ದಿನ, 7ನೇ ತಿಂಗಳು, ಬೆಳಿಗ್ಗೆ 5:31ಕ್ಕೆ ಅಂತ ಒಂದು ಕಥೆ ಇದೆ. ಸಾಲಾಗಿ ಬರೆದು ನೋಡಿ: 1-3-5-7-9-7-5-3-1. ಜ್ಯೋತಿಷಿಗಳು ಲೆಕ್ಕ ಹಾಕಿ ಇಟ್ಟುಕೊಟ್ಟ ಮುಹೂರ್ತವಂತೆ. ಕಥೆ ನಿಜವೋ ಸುಳ್ಳೋ, ಮುಹೂರ್ತ ನೋಡುವುದು ನಮಗೇನು ಹೊಸದಲ್ಲವಲ್ಲ. ನಾನೂ ಒಂದು ಜೂನ್ ತಿಂಗಳಲ್ಲಿ ಆ 5:31ಕ್ಕೆ ಸರಿಯಾಗಿ ಅಲ್ಲಿರೋಣ ಅಂತ ಹೋದೆ. ತಡವಾಗಿತ್ತು! ಆ ತಿಂಗಳು ಅಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಹುಟ್ಟಿರುತ್ತಾನೆ. ಮರುದಿನ ನಾಲ್ಕೂವರೆಗೆ ಹೋದೆ. ರಾತ್ರಿಯೆಲ್ಲ ಕುಡಿದು ರೂಮಿಗೆ ವಾಪಸ್ ಹೋಗುತ್ತಿದ್ದ ನಾಲ್ಕು ಹುಡುಗರು, ಬಿಳಿ ಗೌನ್ ಎತ್ತಿ ಹಿಡಿದುಕೊಂಡು ಚಳಿಗೆ ನಡುಗುತ್ತಿದ್ದ ಒಬ್ಬ ಮದುಮಗಳು, ಅವಳ ಫೋಟೋಗ್ರಾಫರ್. 516 ಮೀಟರ್ ಉದ್ದದ ಸೇತುವೆ ಮೇಲೆ ಅಷ್ಟೇ ಜನ. ಏಳಕ್ಕೆಲ್ಲ ಓಡುವವರು, ಎಂಟರ ಹೊತ್ತಿಗೆ ಗುಂಪುಗಳು, ಆಮೇಲೆ ನಡೆಯೋಕೂ ಜಾಗ ಇರಲ್ಲ.

ಸೇತುವೆಯ ಎರಡೂ ಬದಿ ಸೇರಿ 30 ಮೂರ್ತಿಗಳು, ಮೂರ್ತಿ ಗುಂಪುಗಳು ಸಾಲಾಗಿ ನಿಂತಿವೆ. ಹೆಚ್ಚಿನವು ಮರಳುಗಲ್ಲಿನವು, ಕಾಲಕ್ಕೆ ಕಪ್ಪಾಗಿವೆ. (ಎಷ್ಟೋ ಮೂರ್ತಿಗಳು ಈಗ ನಕಲು, ಮೂಲ ಮೂರ್ತಿಗಳನ್ನು ಒಳಗೆ ಕಾಪಾಡಿ ಇಟ್ಟಿದ್ದಾರೆ.) ಇಲ್ಲಿ ಫೋನ್ ಒಂದು ತಪ್ಪು ಮಾಡುತ್ತದೆ. ಕಪ್ಪು ಮೂರ್ತಿ ಕಂಡ ಕೂಡಲೇ ಕತ್ತಲಿದೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಮೂರ್ತಿ ಬೂದಿ ಬಣ್ಣ, ಆಕಾಶ ಸುಣ್ಣದ ಗೋಡೆ. ಪರದೆ ಮೇಲೆ ಬೆರಳಿಟ್ಟಾಗ ಸೂರ್ಯನ ಚಿಕ್ಕ ಗುರುತು ಬರುತ್ತಲ್ಲ, ಅದನ್ನು ಕೆಳಕ್ಕೆ ಎಳೆಯಿರಿ. ಆಕಾಶಕ್ಕೆ ಬಣ್ಣ ಬರುವ ತನಕ ಎಳೆಯಿರಿ. ದೊಡ್ಡ ಕ್ಯಾಮೆರಾ ಬಳಸದ ನಷ್ಟದಲ್ಲಿ ಅರ್ಧ ಅಲ್ಲೇ ತುಂಬಿಹೋಗುತ್ತದೆ.

ಆ ಸಾಲಿನಲ್ಲಿ ಒಬ್ಬ ಸಂತನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಯಾನ್ ನೆಪೊಮುಕ್. 1393ರಲ್ಲಿ ರಾಜನ ಅಪ್ಪಣೆಯಂತೆ ಇವನನ್ನು ಇದೇ ಸೇತುವೆಯಿಂದ ನದಿಗೆ ಎಸೆದರು. ಮೂರ್ತಿ ನಿಲ್ಲಿಸಿದ್ದು 1683ರಲ್ಲಿ, ಸೇತುವೆ ಮೇಲೆ ಈಗಿರುವ ಮೂರ್ತಿಗಳಲ್ಲಿ ಇದೇ ಹಳೆಯದು, ಕಂಚಿನದು. ಕೆಳಗೆ ಎರಡು ಕಂಚಿನ ಉಬ್ಬುಚಿತ್ರಗಳಿವೆ. ಮುಟ್ಟಿದರೆ ಅದೃಷ್ಟ ಅನ್ನುವ ನಂಬಿಕೆ. ಬಲಗಡೆಯದರಲ್ಲಿ ಸೇತುವೆಯಿಂದ ಬೀಳುತ್ತಿರುವ ಸಂತ, ಎಡಗಡೆಯದರಲ್ಲಿ ಒಬ್ಬ ಯೋಧ ಮತ್ತು ಅವನ ನಾಯಿ. ಜನ ಮುಟ್ಟಿ ಮುಟ್ಟಿ ನಾಯಿ ಬಂಗಾರದ ಹಾಗೆ ಹೊಳೆಯುತ್ತದೆ, ಸುತ್ತ ಎಲ್ಲ ಕಪ್ಪು. ನಮ್ಮ ಗುಡಿಗಳಲ್ಲಿ ಬಸವಣ್ಣನ ಬೆನ್ನು ನುಣುಪಾಗಿರುತ್ತಲ್ಲ, ಹಾಗೆ. ಪಾಪದ ಸಂತನಿಗೆ ಏನು ಸಂಬಂಧವೋ, ನಾಯಿಗಂತೂ ಭರ್ಜರಿ ಭಕ್ತರು. ಬೆಳಿಗ್ಗೆಯ ಓರೆ ಬೆಳಕಿನಲ್ಲಿ ಆ ನಾಯಿಯೊಂದನ್ನೇ ಹತ್ತಿರದಿಂದ ತೆಗೆಯಿರಿ.

ಸೇತುವೆ ದಾಟಿದರೆ ಮಾಲಾ ಸ್ತ್ರಾನಾ ಅನ್ನುವ ಬಡಾವಣೆ, ಅಲ್ಲಿಂದ ನೆರುದೋವಾ ಬೀದಿ ಹಿಡಿದು ಕೋಟೆಗೆ ಏರು. ಏದುಸಿರು ಬರುತ್ತದೆ, ನಿಧಾನ ಹತ್ತಿ. ನಿಲ್ಲೋಕೆ ಒಳ್ಳೇ ನೆಪವೂ ಇದೆ: ಬಾಗಿಲ ಮೇಲಿನ ಗುರುತುಗಳು. 1770ರಲ್ಲಿ ಮನೆಗಳಿಗೆ ನಂಬರ್ ಬರುವ ಮುಂಚೆ ಇವೇ ವಿಳಾಸ. ಒಂದು ಮನೆಗೆ ಮೂರು ಪಿಟೀಲು, ಇನ್ನೊಂದಕ್ಕೆ ಎರಡು ಸೂರ್ಯ. ಮೂರು ಪಿಟೀಲಿನ ಮನೆಯ ಎದುರು ಅಂತ ಕಾಗದ ಬರೆಯುತ್ತಿದ್ದರೇನೋ.

ಕೋಟೆಯ ಒಳಗಿನ ಸೇಂಟ್ ವೈಟಸ್ ಚರ್ಚ್ ಶುರುವಾಗಿದ್ದು 1344ರಲ್ಲಿ, ಮುಗಿದಿದ್ದು 1929ರಲ್ಲಿ. ಹೌದು, ಆರು ಶತಮಾನ. ಅದರ ಮುಂದೆ ನಿಂತು ಪೂರ್ತಿ ಫೋಟೋ ತೆಗೆಯೋಕೆ ಹೋಗಬೇಡಿ. ಅಂಗಳ ಇಕ್ಕಟ್ಟು. ಕತ್ತೆತ್ತಿ ತೆಗೆದರೆ ಗೋಪುರಗಳು ಹಿಂದಕ್ಕೆ ಬೀಳುವ ಹಾಗೆ ಬಾಗುತ್ತವೆ. ಅಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ತೆಗೆದುಕೊಳ್ಳಿ, ಒಳಗಿನ ಬಣ್ಣದ ಗಾಜು ಕಲ್ಲಿನ ಕಂಬದ ಮೇಲೆ ಚೆಲ್ಲುವ ಕೆಂಪು-ನೀಲಿಯನ್ನು ತೆಗೆಯಿರಿ. ಇಡೀ ಚರ್ಚ್ ಬೇಕಿದ್ದರೆ ದೂರ ಹೋಗಿ, ನದಿಯ ಆ ದಡಕ್ಕೆ.

ಇನ್ನೊಂದು ಎತ್ತರದ ಜಾಗ ಲೆಟ್ನಾ ಪಾರ್ಕ್. ಒಂದರ ಹಿಂದೆ ಒಂದು ಸೇತುವೆ ಕಾಣುವ ಆ ಚಿತ್ರ ನೀವು ನೋಡಿರುತ್ತೀರಿ. ಅದು ಇಲ್ಲಿಂದಲೇ. ನೀವು ಕ್ಯಾಮೆರಾ ಸಾಲ ತರುವುದಾದರೆ ಕಾರಣ ಇದೊಂದೇ. ಉದ್ದ ಜೂಮ್ ಇದ್ದರೆ ಸೇತುವೆಗಳು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಬರುತ್ತವೆ. ಅದೇ ಪಾರ್ಕಿನಲ್ಲಿ ಒಂದು ದೈತ್ಯ ಮೆಟ್ರೊನೋಮ್ (ಸಂಗೀತಗಾರರು ತಾಳ ಹಿಡಿಯೋಕೆ ಬಳಸುವ, ಕಡ್ಡಿ ಅತ್ತಿತ್ತ ಆಡುವ ಸಾಧನ) ಇದೆ, 1991ರದು. ಅದು ನಿಂತಿರುವ ಜಾಗದಲ್ಲಿ ಹಿಂದೆ ಸ್ಟಾಲಿನ್‌ನ ಭಾರೀ ಸ್ಮಾರಕವಿತ್ತು. 1955ರಲ್ಲಿ ನಿಲ್ಲಿಸಿ 1962ರಲ್ಲಿ ಸಿಡಿಸಿ ಉರುಳಿಸಿದರು.

ಹಳೇ ಪೇಟೆ ಚೌಕದ 1410ರ ಖಗೋಳ ಗಡಿಯಾರಕ್ಕೆ ಐದು ನಿಮಿಷ ಸಾಕು. ಗಂಟೆಗೊಮ್ಮೆ ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಮೇಲಿನ ಕಿಟಕಿಯಲ್ಲಿ ಗೊಂಬೆಗಳು ಸುತ್ತುತ್ತವೆ, ಕೆಳಗೆ ನೂರಾರು ಕೈ, ನೂರಾರು ಫೋನ್. ಗಡಿಯಾರಕ್ಕಿಂತ ಹಿಂದಕ್ಕೆ ತಿರುಗಿ ಆ ಮುಖಗಳನ್ನು ತೆಗೆದರೆ ಚಂದ. ಆಮೇಲೆ ನೆಲ ನೋಡಿ. ಪುರಭವನದ ಬುಡದಲ್ಲಿ ಕಲ್ಲುಹಾಸಿನ ಮೇಲೆ 27 ಬಿಳಿ ಶಿಲುಬೆಗಳಿವೆ. 1621ರಲ್ಲಿ ದಂಗೆ ಎದ್ದವರಲ್ಲಿ 27 ಜನರನ್ನು ಅಲ್ಲೇ ಕೊಂದರು. ಜನ ಅದರ ಮೇಲೇ ನಿಂತು ಗಡಿಯಾರದ ಕಡೆ ಕತ್ತೆತ್ತಿರುತ್ತಾರೆ.

ಈ ಊರಿನಲ್ಲಿ ನೆಲ ನೋಡಿಕೊಂಡು ನಡೆಯುವುದು ಒಳ್ಳೆಯದು. ಕೆಲವು ಮನೆಗಳ ಮುಂದೆ ಅಂಗೈಯಗಲದ ಹಿತ್ತಾಳೆ ಫಲಕ ಹುಗಿದಿರುತ್ತಾರೆ. ಇಂಥವರು ಇಲ್ಲಿ ವಾಸವಿದ್ದರು, ಹುಟ್ಟಿದ್ದು ಇಂಥ ವರ್ಷ, ನಾಜಿಗಳು ಹಿಡಿದು ಸಾಗಿಸಿದ್ದು ಇಂಥ ವರ್ಷ. ಒಂದು ಬಾಗಿಲ ಮುಂದೆ ಅಪ್ಪ, ಅಮ್ಮ, ಮಗು, ಮೂರು ಫಲಕ ಒತ್ತಟ್ಟಿಗೆ ಇದ್ದವು. ಬಗ್ಗಿ ಒಂದು ಫೋಟೋ ತೆಗೆದೆ. ಹಳೇ ಯಹೂದಿ ಕೇರಿಯ ಪಿಂಕಾಸ್ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರ) ಗೋಡೆಗಳ ಮೇಲೆ ಅಂಥವರ ಸುಮಾರು 78 ಸಾವಿರ ಹೆಸರು ಬರೆದಿದ್ದಾರೆ. ಅಲ್ಲಿ ಫೋನ್ ಜೇಬಿನಿಂದ ತೆಗೆಯಲಿಲ್ಲ.

ಮಳೆ ಬಂದರೆ ರೂಮಿನಲ್ಲಿ ಕೂರಬೇಡಿ. ಒದ್ದೆ ಕಲ್ಲುಹಾಸಿನ ಮೇಲೆ ಬೀದಿದೀಪ, ಟ್ರಾಮ್ ದೀಪ ಎಲ್ಲ ಉದ್ದಕ್ಕೆ ಹರಿಯುತ್ತವೆ. ಫೋನ್ ತಲೆಕೆಳಗು ಮಾಡಿ, ಲೆನ್ಸ್ ನೆಲದ ಹತ್ತಿರ ಬರುವ ಹಾಗೆ ಹಿಡಿದು ತೆಗೆಯಿರಿ. ಆದರೆ ಒಳ್ಳೇ ಹಿಡಿತದ ಬೂಟು ಇರಲಿ. ಒಂದು ಅಕ್ಟೋಬರ್ ಸಂಜೆ ನಾನು ಆಫೀಸಿನ ನುಣ್ಣನೆ ಚಪ್ಪಟೆ ಬೂಟಿನಲ್ಲಿ ಜಾರಿ ಬಿದ್ದು ಮೊಣಕೈ ತರಚಿಕೊಂಡೆ. ಎತ್ತಿದ ಅಜ್ಜಿ ಝೆಕ್ ಭಾಷೆಯಲ್ಲಿ ಏನೋ ಬೈದರು. ಅರ್ಥವಾಗಲಿಲ್ಲ, ಆದರೂ ನಮ್ಮಜ್ಜಿ ಬೈದ ಹಾಗೇ ಇತ್ತು.

ದುಡ್ಡಿನ ವಿಷಯ ಒಂದೇ ಮಾತು. ಅಲ್ಲಿ ಯೂರೋ ಅಲ್ಲ, ಕೊರುನಾ. ಕಮಿಷನ್ ಇಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದ ಒಂದು ಅಂಗಡಿಯಲ್ಲಿ ಬದಲಾಯಿಸಿ ನಾನು ಮೋಸಹೋದೆ, ದರವೇ ಕೆಟ್ಟದಿತ್ತು. ಕಾರ್ಡ್ ಬಳಸಿ. ಕಾಲು ಸೋತರೆ 22ನೇ ನಂಬರ್ ಟ್ರಾಮ್ ಕೋಟೆ ಕಡೆ ಹತ್ತಿಸುತ್ತದೆ. ಕಾಗದದ ಟಿಕೆಟ್ ತಗೊಂಡರೆ ಹತ್ತಿದ ಕೂಡಲೇ ಮೆಷಿನ್‌ನಲ್ಲಿ ಒತ್ತಿಸಬೇಕು. ಒತ್ತಿಸದಿದ್ದರೆ ಟಿಕೆಟ್ ಇದ್ದೂ ದಂಡ.

ಯಾವ ತಿಂಗಳು ಹೋಗುತ್ತೀರಿ ಅಂತ ನೀವು ಬರೆದಿಲ್ಲ. ಡಿಸೆಂಬರ್ ಆದರೆ ಮೇಲೆ ಹೇಳಿದ ಅಲಾರಂ ಮಾತು ಮರೆತುಬಿಡಿ. ಆಗ ಸೂರ್ಯ ಹುಟ್ಟೋದೇ ಎಂಟರ ಸುಮಾರಿಗೆ, ನಾಲ್ಕಕ್ಕೆ ಮುಳುಗಿಯೂ ಬಿಡುತ್ತಾನೆ. ತಿಂಡಿ ಮುಗಿಸಿಕೊಂಡೇ ಹೋಗಬಹುದು. ಚಳಿಗೆ ಫೋನ್ ಬ್ಯಾಟರಿ ಬೇಗ ಕುಸಿಯುತ್ತದೆ, ಪವರ್ ಬ್ಯಾಂಕನ್ನು ಬ್ಯಾಗಿನಲ್ಲಿ ಹಾಕದೆ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ.