ಎಂಟು ಸಾವಿರ ಮಂದಿ ಎಲ್ಲಿ ಹೋದರು?

ಜಪಾನಿನ ಹತ್ತನೇ ಶತಮಾನದ ಯೋಧ ತೈರಾ ನೊ ಮಸಕಾದೊ ಬಗೆಗಿನ ಲೇಖನ ಓದಿ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘939ರ ಕೊನೆಗೆ ಎಂಟು ಪ್ರಾಂತ್ಯ ಹಿಡಿದು ಹೊಸ ಚಕ್ರವರ್ತಿ ಎನಿಸಿಕೊಂಡವನು ಎರಡು ತಿಂಗಳೂ ಬಾಳಲಿಲ್ಲ. ಇಂಥ ರಾಜದ್ರೋಹಿಯ ಮೇಲೆ ನಿಮಗೇಕಿಷ್ಟು ಮಮಕಾರ?’

ದ್ರೋಹವೇ, ಒಪ್ಪಿದೆ. ಕ್ಯೋಟೊದಲ್ಲಿ ಸುಜಾಕು ಚಕ್ರವರ್ತಿ ಕೂತಿರುವಾಗ ಇನ್ನೊಬ್ಬ ಆ ಬಿರುದು ಹಚ್ಚಿಕೊಂಡರೆ ಬೇರೇನೆನ್ನುವುದು? ಆದರೆ ಸ್ವಾಮಿ, ಆತ ಮೊದಲು ಕೈಹಾಕಿದ್ದು ಸಿಂಹಾಸನಕ್ಕಲ್ಲ. ಹಿತಾಚಿ ಪ್ರಾಂತ್ಯದ ಕಚೇರಿಯ ಮೊಹರಿಗೆ, ಉಗ್ರಾಣದ ಬೀಗದಕೈಗೆ. ಮೊಹರಿಲ್ಲದೆ ಕಾಗದ ನಡೆಯದು, ಬೀಗದಕೈ ಇಲ್ಲದೆ ಕಂದಾಯದ ಭತ್ತ ಹೊರಬರದು. ರಾಜಧಾನಿಗೆ ಗೊತ್ತುಮಾಡಿದಷ್ಟು ಕಟ್ಟಿದರೆ ಮಿಕ್ಕಿದ್ದು ಪ್ರಾಂತ್ಯಾಧಿಕಾರಿಯ ಗಂಟು. ಕಂದಾಯ ಕೊಡದ ಫುಜಿವಾರಾ ನೊ ಹರುಆಕಿ ಮಸಕಾದೊನ ಮರೆಹೊಕ್ಕಾಗಲೇ ಹಿತಾಚಿಯ ಜಗಳ ಹತ್ತಿದ್ದು. (ಹರುಆಕಿಯೂ ಸಾಧುವಲ್ಲ, ಓಡುವ ದಾರಿಯಲ್ಲಿ ಸರ್ಕಾರಿ ಕಣಜ ಒಡೆದಿದ್ದ.)

ಇನ್ನು ಎರಡು ತಿಂಗಳ ಮಾತು. ನಮ್ಮ ಪಠ್ಯಪುಸ್ತಕಗಳು ಕಾಳಗದ ಇಸವಿ ಬಾಯಿಪಾಠ ಮಾಡಿಸುತ್ತವೆ. ಕಾಲಾಳಿಗೂ ಒಂದು ಗದ್ದೆ ಇತ್ತೇ ಎಂದು ಕೇಳುವ ಅಭ್ಯಾಸ ಕಲಿಸುವುದಿಲ್ಲ. ನಿಮ್ಮಂಥ ಶ್ರದ್ಧೆಯ ಓದುಗರೂ ಅಲ್ಲೇ ಮುಗ್ಗರಿಸುತ್ತೀರಿ. ಈ ಬಂಡಾಯದ ಹಳೆಯ ವೃತ್ತಾಂತ ‘ಶೋಮೊನ್‌ಕಿ’ಯಲ್ಲೇ ಲೆಕ್ಕವಿದೆ. 940ರ ಮೊದಲ ತಿಂಗಳಲ್ಲಿ ಮಸಕಾದೊ 5,000 ಜನರೊಂದಿಗೆ ದಾಯಾದಿ ಸದಾಮೋರಿಯನ್ನು ಹುಡುಕಿದ, ಸಿಗಲಿಲ್ಲ. ದಂಡನ್ನು ಊರಿಗೆ ಕಳಿಸಿದ. ಉಳಿದವರು ಸಾವಿರಕ್ಕೂ ಕಡಿಮೆ. ಅದು ಸಂಬಳದ ಸೈನ್ಯವಲ್ಲ, ಬಹುಪಾಲು ಸುತ್ತಲ ಒಕ್ಕಲು. ಗದ್ದೆ ಕೆಲಸ ಹತ್ತುವ ಹೊತ್ತಿಗೆ ಹಿಡಿದಿಟ್ಟರೆ ಮುಂದಿನ ವರ್ಷ ಉಣ್ಣುವುದೇನು? ದಂಡು ಚದುರಿದ ಸುಳಿವು ಸಿಕ್ಕಿದ್ದೇ ಸದಾಮೋರಿ ಮತ್ತು ಇನ್ನೊಬ್ಬ ಯೋಧ ಫುಜಿವಾರಾ ನೊ ಹಿದೆಸಾತೊ 4,000 ಮಂದಿ ಕಟ್ಟಿಕೊಂಡು ಬಂದರು.

ಅವರ ಪಂಚಾಂಗದ ಎರಡನೇ ತಿಂಗಳ 14ರಂದು, ಎಂದಿನಂತೆ ನೆರೆಯಬೇಕಿದ್ದ 8,000 ಮಂದಿ ಬರಲೇ ಇಲ್ಲ. ಮಸಕಾದೊನ ಬಳಿ 400. ಬಿರುಗಾಳಿ ಅವನ ಬೆನ್ನಿಗಿತ್ತು. ಅವನ ಕಡೆಯ ನೆಟ್ಟ ಗುರಾಣಿಗಳು ಮುಂದಕ್ಕೆ ಬಿದ್ದರೆ, ಎದುರಾಳಿಗಳ ಗುರಾಣಿಗಳು ಅವರ ಮುಖಕ್ಕೇ ಮಗುಚಿದವು. ಎದುರಾಳಿಗಳಲ್ಲಿ 2,900 ಮಂದಿ ಓಡಿದರು. ನಿಂತವರು 300 ಚಿಲ್ಲರೆ. ಅಷ್ಟರಲ್ಲಿ ಗಾಳಿ ತಿರುಗಿತು, ಮಸಕಾದೊಗೆ ಬಾಣ ತಗುಲಿತು.

ರಾಜಧಾನಿಯಿಂದ ಹೊರಟಿದ್ದ ಸೇನಾಪತಿ ತದಾಬುಮಿ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಆಸ್ಥಾನದ ದಂಡು ಒಂದು ಬಾಣವನ್ನೂ ಬಿಡಲಿಲ್ಲ. ಆಸ್ಥಾನ ಮಸಕಾದೊನ ತಲೆಯನ್ನು ಮಾತ್ರ ತರಿಸಿಕೊಂಡು ಕ್ಯೋಟೊದ ಪೇಟೆಯಲ್ಲಿ ತೂಗುಹಾಕಿತು.