ಎಲ್ಲಾ ನೋಟ್‌ಬುಕ್ಕಿಗೆ ಬಂದಿದೆ

ಹೊಸದೇನನ್ನೋ ಕಲಿಯಲು ಹೊರಟು, ಅರ್ಧದಲ್ಲಿ ಸಿಕ್ಕಿಬಿದ್ದು, "ನನ್ನ ತಲೆಗೇ ಏನೋ ಆಗಿದೆ" ಎಂದು ನನ್ನ ಬಳಿ ಸಲಹೆಗೆ ಬರುವವರು ಇತ್ತೀಚೆಗೆ ಜಾಸ್ತಿ. ಈ ವರ್ಷ ಇವರು ಐದನೆಯವರೋ ಆರನೆಯವರೋ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ.

ವಯಸ್ಸು ನಲವತ್ತು ದಾಟಿದೆ. ಕಚೇರಿಯಲ್ಲಿ ಹಾಜರಾತಿ, ಸಂಬಳದ ಲೆಕ್ಕ ನೋಡಿಕೊಳ್ಳುವ ಕೆಲಸ. ತಿಂಗಳ ವರದಿಯನ್ನು ಇನ್ನು ಮುಂದೆ ನೀವೇ ಎಕ್ಸೆಲ್‌ನಲ್ಲಿ ಮಾಡಿಕೊಡಬೇಕು ಎಂದು ಮೇಲಿನವರು ಹೇಳಿದ್ದರು. ಎರಡು ತಿಂಗಳ ಗಡುವು. ನನ್ನ ಬಳಿ ಬರುವಾಗ ಉಳಿದಿದ್ದು ಆರು ವಾರ. ರಾತ್ರಿ ಮೂರು ಮೂರು ಗಂಟೆ ವಿಡಿಯೋ ಪಾಠ ನೋಡುತ್ತಿದ್ದರು. ನೋಡುವಾಗ ಎಲ್ಲಾ ಅರ್ಥವಾಗುತ್ತದೆ, ಬೆಳಿಗ್ಗೆ ಕಚೇರಿಯಲ್ಲಿ ಖಾಲಿ ಹಾಳೆ ತೆರೆದರೆ ಕೈ ಓಡುವುದಿಲ್ಲ. "ಇದು ಮರೆವಿನ ಕಾಯಿಲೆಯೇ?" ಎಂಬುದೇ ಅವರ ಮೊದಲ ಪ್ರಶ್ನೆ.

ಅದನ್ನು ನಾನು ತಳ್ಳಿಹಾಕಲಿಲ್ಲ. ಗೊತ್ತಿರುವ ದಾರಿ ತಪ್ಪುತ್ತೀರಾ, ಹೇಳಿದ್ದನ್ನೇ ಮತ್ತೆ ಹೇಳುತ್ತೀರಿ ಎಂದು ಮನೆಯವರು ಅನ್ನುತ್ತಾರಾ, ನಿದ್ದೆ ಹೇಗಿದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದೆಲ್ಲ ಕೇಳಿದೆ. ನಿದ್ದೆ ಕಡಿಮೆ ಎಂಬುದನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ಹಳೆಯ ಕೆಲಸದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೂ ಭಯ ಹೋಗದಿದ್ದರೆ ವೈದ್ಯರಿಗೆ ತೋರಿಸಿ ಎಂದೆ.

ಎರಡನೇ ಭೇಟಿಗೆ ನೋಟ್‌ಬುಕ್ ತಂದಿದ್ದರು. ನೂರು ಪುಟ ಮೀರಿತ್ತು. ಶೀರ್ಷಿಕೆಗೆ ಕೆಂಪು ಶಾಯಿ, ಸೂತ್ರಗಳಿಗೆ ನೀಲಿ, ಸ್ಕೇಲ್ ಇಟ್ಟು ಎಳೆದ ಅಡಿಗೆರೆ. ಅಷ್ಟು ಚೆಂದದ ಬರವಣಿಗೆ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ನಾನು ಅದನ್ನು ಮುಚ್ಚಿ ನನ್ನ ಪಕ್ಕಕ್ಕಿಟ್ಟುಕೊಂಡು, ಒಂದು ಖಾಲಿ ಹಾಳೆ ಮುಂದಿಟ್ಟೆ. "ನನಗೆ ಎಕ್ಸೆಲ್ ಬರಲ್ಲ. ನಿಮ್ಮ ಕೆಲಸಕ್ಕೆ ಬೇಕೇ ಬೇಕಾದ್ದು ಒಂದನ್ನು ಕಲಿಸಿ" ಎಂದೆ. ಬರಲ್ಲ ಎಂದದ್ದು ಸುಳ್ಳಲ್ಲ, ಆಗ ನಿಜಕ್ಕೂ ಬರುತ್ತಿರಲಿಲ್ಲ.

ವಿ-ಲುಕಪ್ ಆರಿಸಿಕೊಂಡರು. ಸಿಬ್ಬಂದಿಯ ಸಂಖ್ಯೆ ಕೊಟ್ಟರೆ ಇನ್ನೊಂದು ಪಟ್ಟಿಯಿಂದ ಅವರ ಹೆಸರು ತಂದುಕೊಡುವ ಸೂತ್ರವಂತೆ. ಹಾಳೆಯ ಮೇಲೆ ಎರಡು ಪಟ್ಟಿ ಬರೆದರು. ಏನನ್ನು ಹುಡುಕಬೇಕು ಅನ್ನುವುದನ್ನು ಹೇಳಿದರು. ಯಾವ ಪಟ್ಟಿಯಲ್ಲಿ, ಅದನ್ನೂ ಹೇಳಿದರು. ಎಷ್ಟನೇ ಕಾಲಮ್ಮು ಎನ್ನುವಲ್ಲಿ ಪೆನ್ನು ನಿಂತಿತು. ಬೆರಳು ಮಡಿಚಿ ಎಣಿಸಿ ಮೂರು ಎಂದು ಬರೆದರು. ಆಮೇಲೆ ಇನ್ನೊಂದು ಇದೆ, ನಾಲ್ಕನೆಯದು, ಅದು ಏನು? ಕಣ್ಣು ನೋಟ್‌ಬುಕ್ಕಿನ ಕಡೆ ಹೋಯಿತು. ನಾನು ಕೊಡಲಿಲ್ಲ. ತುಂಬ ಹೊತ್ತು ಸುಮ್ಮನಿದ್ದರು. ಆ ಮೌನ ಇಬ್ಬರಿಗೂ ಕಷ್ಟದ್ದೇ.

ಕೊನೆಗೆ, ಯಾರಿಗೋ ಹೇಳುವಂತೆ, ಅಂದರು: "ಎಲ್ಲಾ ನೋಟ್‌ಬುಕ್ಕಿಗೆ ಬಂದಿದೆ ಮೇಡಂ. ನನಗೆ ಬಂದಿಲ್ಲ."

ನಾನು ಹೇಳಬೇಕೆಂದಿದ್ದ ಅರ್ಧ ಗಂಟೆಯ ಮಾತನ್ನು ಅವರು ಒಂದೇ ಉಸಿರಿಗೆ ಮುಗಿಸಿದ್ದರು. ಕಣ್ಣಲ್ಲಿ ನೀರಿತ್ತು. ಸ್ವಲ್ಪ ಹೊತ್ತು ಬಿಟ್ಟು ನೋಟ್‌ಬುಕ್ ವಾಪಸು ಕೊಟ್ಟೆ. ಆ ನಾಲ್ಕನೆಯದು ಸರಿಯಾಗಿ ಹೊಂದುವುದೇ ಬೇಕೋ, ಹತ್ತಿರದ್ದಾದರೂ ಸಾಕೋ ಎಂದು ತಿಳಿಸುವುದಂತೆ. ಬರೆಯದೆ ಬಿಟ್ಟರೆ ಯಂತ್ರ ಹತ್ತಿರದ್ದು ಸಾಕು ಎಂದುಕೊಂಡು, ಕ್ರಮವಾಗಿ ಜೋಡಿಸದ ಪಟ್ಟಿಯಲ್ಲಿ ಯಾರದೋ ಸಂಖ್ಯೆಗೆ ಇನ್ಯಾರದೋ ಹೆಸರು ತಂದು ಕೂರಿಸುತ್ತದೆ. "ಅಯ್ಯೋ, ಮೊನ್ನೆ ಹೆಸರು ಅದಲುಬದಲಾಗಿದ್ದು ಇದಕ್ಕೇ!" ಎಂದರು. ನೂರು ಪುಟ ಬರೆದಾಗ ತಲೆಗೆ ಹತ್ತದಿದ್ದದ್ದು, ಸಿಕ್ಕಿಬಿದ್ದ ಆ ಹತ್ತು ನಿಮಿಷದಲ್ಲಿ ಹತ್ತಿತು.

ಈ ಪ್ರಕರಣ ಕೇಳಿದ ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಮೊದಲೇ ಹೆದರಿ ಬಂದವರಿಗೆ ಪರೀಕ್ಷೆ ಇಟ್ಟಿದ್ದು ಸರಿಯೇ ಎಂದು. ನೋಟ್‌ಬುಕ್ ಎತ್ತಿಟ್ಟುಕೊಳ್ಳುವ ಮುಂಚೆ ಯಾಕೆ ಎಂದು ಹೇಳಿ ಒಪ್ಪಿಗೆ ಕೇಳಬೇಕಿತ್ತು; ಅಷ್ಟನ್ನು ಒಪ್ಪುತ್ತೇನೆ. ಆದರೆ "ನಿಮಗೆ ಎಲ್ಲಾ ಗೊತ್ತಿದೆ, ಆತ್ಮವಿಶ್ವಾಸ ಒಂದು ಕಡಿಮೆ" ಎಂದು ಬೆನ್ನು ತಟ್ಟಿ ಕಳಿಸುವುದು ನನ್ನಿಂದಾಗದು. ಅವರಿಗೆ ಗೊತ್ತಿರಲಿಲ್ಲ. ಹಾಗೆ ಕಳಿಸಿದ್ದರೆ ಮರುದಿನ ಕಚೇರಿಯಲ್ಲಿ ಮತ್ತೆ ಕೈ ನಿಂತಾಗ, ಮರೆವಿನ ಕಾಯಿಲೆಯೇ ನಿಜ ಎಂದು ನಂಬುತ್ತಿದ್ದರು.

ಅಂಕಿಯನ್ನು ನಂಬುವವರಾದ್ದರಿಂದ ಅಂಕಿಯಲ್ಲೇ ಹೇಳಿದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ. ಕೆಲವರು ಒಂದು ಪಾಠವನ್ನು 4 ಸಲ ಓದಿದರು. ಇನ್ನು ಕೆಲವರು ಒಮ್ಮೆ ಓದಿ, 3 ಸಲ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಉಳಿದದ್ದು ಸುಮಾರು ಶೇ. 40, ನೆನಪಿಸಿಕೊಂಡವರಿಗೆ ಶೇ. 61. "ಅಂದರೆ ರಾತ್ರಿ ಬಂದ ಹಾಗಿದ್ದದ್ದು ಆ ಐದು ನಿಮಿಷದ್ದು" ಎಂದು ಅವರೇ ಲೆಕ್ಕ ಹಾಕಿದರು.

ಕೊಟ್ಟ ಸಲಹೆ ದೊಡ್ಡದೇನಲ್ಲ. ವಿಡಿಯೋ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ನೋಡಿದ್ದನ್ನು ಮುಚ್ಚಿಟ್ಟು, ಹೋದ ತಿಂಗಳ ನಿಮ್ಮದೇ ವರದಿಯ ನಕಲಿನ ಮೇಲೆ ಮಾಡಿ. ವರದಿಗೆ ಬೇಡದ್ದನ್ನು ಈಗ ಕಲಿಯಲೇಬೇಡಿ. ಸಿಕ್ಕಿಬಿದ್ದಾಗ ಐದು ನಿಮಿಷ ಒದ್ದಾಡಿ, ಆಮೇಲೆ ನೋಟ್‌ಬುಕ್ ತೆಗೆಯಿರಿ. ನಿನ್ನೆಯದನ್ನು ಇವತ್ತು ನೋಡದೆ ಮಾಡಿದ ಮೇಲೆಯೇ ಹೊಸದು. ದಿನಕ್ಕೆ ಒಂದೇ ಗಂಟೆ, ಆಮೇಲೆ ಮಲಗಿ.

ಆ ಒಂದೇ ಗಂಟೆಗೆ ಜಗಳವಾಯಿತು. ಮೂರನೇ ವಾರ ಬಂದವರು "ಇದು ಆಮೆ ನಡಿಗೆ, ಹಿಂದೆ ಬೀಳುತ್ತಿದ್ದೇನೆ" ಎಂದು ಮುಖ ಗಂಟಿಕ್ಕಿ ಕೂತರು. ಬ್ರಿಟನ್ನಿನ ಅಂಚೆ ನೌಕರರ ಕತೆ ಹೇಳಿದೆ. ಅವರಿಗೆ ಕೀಬೋರ್ಡ್ ಕಲಿಸಿದ ಅಧ್ಯಯನವೊಂದು 1978ರಲ್ಲಿ ಪ್ರಕಟವಾಯಿತು, ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅವರದು. ದಿನಕ್ಕೆ ಒಂದು ಗಂಟೆ ಕಲಿತವರಿಗೆ ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟು ಕಡಿಮೆ ಗಂಟೆ ಸಾಕಾಯಿತು. ಆದರೆ ಗೊಣಗಿದ್ದು ಒಂದು ಗಂಟೆಯವರೇ, ಯಾಕೆಂದರೆ ದಿನದ ಲೆಕ್ಕದಲ್ಲಿ ಅವರು ಹಿಂದಿದ್ದರು. ಗಡುವು ಇರುವವರಿಗೆ ದಿನದ ಲೆಕ್ಕವೂ ಸುಳ್ಳಲ್ಲ, ಅದನ್ನು ನಾನು ಮುಚ್ಚಿಡಲಿಲ್ಲ. ಬೆಳಿಗ್ಗೆ ಇನ್ನೊಂದು ಅರ್ಧ ಗಂಟೆ ಸೇರಿಸಿಕೊಳ್ಳಿ ಎಂದು ರಾಜಿಯಾದೆವು.

ವರದಿ ಗಡುವಿನ ದಿನ ಹೋಯಿತು. ಒಂದು ಕಾಲಮ್ಮಿನ ಮೊತ್ತ ತಪ್ಪಿತ್ತು, ಮೇಲಿನವರು ಕಂಡುಹಿಡಿದರು. "ಎಲ್ಲಿ ತಪ್ಪಿದೆ ಅಂತ ಅವರ ಎದುರಿಗೇ ಹುಡುಕಿ ಸರಿ ಮಾಡಿದೆ" ಎಂದು ಫೋನಿನಲ್ಲಿ ಹೇಳಿದರು, ತಪ್ಪಾಯಿತೆಂಬ ಬೇಸರಕ್ಕಿಂತ ಹುಡುಕಿದೆನೆಂಬ ಖುಷಿ ಹೆಚ್ಚಿತ್ತು. ಈಗ ಪಿವಟ್ ಟೇಬಲ್, ಅಂದರೆ ಉದ್ದದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಎಕ್ಸೆಲ್‌ನ ಸೌಲಭ್ಯ, ಕಲಿಯಲು ಶುರು ಮಾಡಿದ್ದೇನೆ ಎಂದರು.

"ನೋಟ್‌ಬುಕ್?" ಎಂದೆ.

"ಹೊಸದು ತಗೊಂಡೆ ಮೇಡಂ" ಎಂದು ನಕ್ಕರು. ಎಷ್ಟು ಪುಟ ತುಂಬಿದೆ ಎಂದು ಕೇಳಿದೆ. ಫೋನಿನ ಆ ಕಡೆ ಸದ್ದಿಲ್ಲ.